ಅತ್ತೆಯ ಸೊಪ್ಪಿನಲ್ಲಿ ಇಲ್ಲದ್ದು

ಹಿರಿಯಡ್ಕದ ನಮ್ಮ ಮನೆಯ ಜಗಲಿಯಲ್ಲಿ ಕೂತು ನಾನು ರವಿಕೆ ಹೊಲಿಯುತ್ತೇನೆ. ಕೆಲವು ವರ್ಷಗಳ ಹಿಂದೆ, ಒಂದು ಮಳೆಗಾಲದ ಬೆಳಿಗ್ಗೆ, ಮಿಷನ್ನಿನ ಪೆಡಲ್ ಮೇಲೆ ಕಾಲಿಟ್ಟರೆ ಪಾದದಡಿ ಏನೂ ಇದ್ದಂತೆ ಅನಿಸಲಿಲ್ಲ. ಬಗ್ಗಿ ನೋಡಿದೆ. ಪಾದ ಪೆಡಲ್ ಮೇಲೆಯೇ ಇತ್ತು. ಎಷ್ಟು ಒತ್ತಿದೆನೋ ಗೊತ್ತಾಗದೆ ಮಿಷನ್ ಓಡಿತು. ಯಾರದೋ ಮದುವೆಯ ರೇಷ್ಮೆ ರವಿಕೆಯ ತೋಳು ಮುದ್ದೆಯಾಯಿತು.

ಸುಸ್ತು ಅದಕ್ಕೂ ಮೊದಲೇ ಶುರುವಾಗಿತ್ತು. ಪಾದಗಳಲ್ಲಿ ಇರುವೆ ಹರಿದ ಹಾಗೆ ಜುಮುಜುಮು. ಅತ್ತೆಗೆ ಹೇಳಿದ್ದೆ. ನಮ್ಮ ಆಸುಪಾಸಿನ ಮಕ್ಕಳಿಗೆ ಶೀತವಾದರೆ ಸಾಂಬಾರಬಳ್ಳಿ ಎಲೆ ಬಾಡಿಸಿ ರಸ ಹಿಂಡಿ ಕೊಡುವವರು, ಹೊಟ್ಟೆ ಕೆಟ್ಟವರಿಗೆ ದಾಳಿಂಬೆ ಸಿಪ್ಪೆಯ ತಂಬುಳಿ ಮಾಡಿಕೊಡುವವರು ಅವರೇ. ನನಗೂ ನುಗ್ಗೆಸೊಪ್ಪಿನ ಪಲ್ಯ, ಒಂದೆಲಗದ ಚಟ್ನಿ, ಅಮೃತಬಳ್ಳಿಯ ಕಷಾಯ ಎಲ್ಲ ಆಯಿತು. ಸಂಜೆ ಮಣೆ ಹಾಕಿ ಕೂತು ನನ್ನ ಪಾದಕ್ಕೆ ಬಿಸಿ ಎಳ್ಳೆಣ್ಣೆ ತಿಕ್ಕುತ್ತಿದ್ದರು. ಅತ್ತೆಯಿಂದ ಕಾಲು ಮುಟ್ಟಿಸಿಕೊಳ್ಳುವುದೆಂದರೆ ನನಗೆ ಮೈಯೆಲ್ಲ ಹಿಡಿಯಾಗುತ್ತಿತ್ತು. ಬೇಡವೆಂದರೆ, "ಸುಮ್ಮನೆ ಕೂತ್ಕೊ" ಎನ್ನುತ್ತಿದ್ದರು.

ರವಿಕೆ ಹಾಳಾದದ್ದನ್ನು ಅವರು ನೋಡಿದರು.

"ಪೆಡಲ್ ಗೊತ್ತೇ ಆಗ್ಲಿಲ್ವಾ?"

"ಇಲ್ಲ ಅತ್ತೆ."

ಕೈಯಲ್ಲಿದ್ದ ಕಷಾಯವನ್ನು ಅವರು ಅಂಗಳಕ್ಕೆ ಚೆಲ್ಲಿಬಿಟ್ಟರು. "ಇದು ನನ್ನ ಸೊಪ್ಪಿಗೆ ಬಗ್ಗುವಂಥದ್ದಲ್ಲ ಮಗಾ. ಸೀರೆ ಉಟ್ಕೊ, ಮಣಿಪಾಲಕ್ಕೆ ಹೋಗುವ."

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ಬಿ-ಹನ್ನೆರಡು ವಿಟಮಿನ್ ತೀರಾ ಕಡಿಮೆ ಉಂಟು, ನರಗಳಿಗೆ ಅದು ಬೇಕೇ ಬೇಕು ಎಂದರು ಡಾಕ್ಟರಮ್ಮ. ಏನು ತಿನ್ನುತ್ತೇನೆಂದು ಕೇಳಿದರು. ಬಸುರಿಯಾಗಿದ್ದಾಗ ಸೇರದೆ ಹೋದ ಮೀನು, ಮೊಟ್ಟೆ, ಹಾಲು ಮತ್ತೆ ನನ್ನ ಬಾಯಿಗೆ ಹತ್ತಿರಲೇ ಇಲ್ಲ. ನನಗೆ ವಾಸನೆ ಆಗುವುದಿಲ್ಲವೆಂದು ಅತ್ತೆ ಅಷ್ಟು ವರ್ಷ ಹಿತ್ತಲಿನ ಒಲೆಯಲ್ಲೇ ಮೀನು ಬೇಯಿಸಿದ್ದರು. ಒಂದು ದಿನವೂ ಆಡಿ ತೋರಿಸಿದವರಲ್ಲ.

"ಈ ವಿಟಮಿನ್ ಯಾವ ಸೊಪ್ಪಲ್ಲಿ ಉಂಟು ಡಾಕ್ಟ್ರೇ?" ಎಂದು ಕೇಳಿದರು ಅತ್ತೆ.

"ಸೊಪ್ಪಲ್ಲಿ ಸಿಗುದಿಲ್ಲ ಅಮ್ಮ. ಮೀನು, ಮೊಟ್ಟೆ, ಹಾಲು, ಅಂಥದ್ರಲ್ಲೇ ಇರುದು. ಈಗ ಇಂಜೆಕ್ಷನ್ನೇ ಬೇಕು."

"ಹಾಗಾದ್ರೆ ಕೊಡಿ, ಇವತ್ತೇ ಕೊಡಿ" ಎಂದರು ಅತ್ತೆ.

ಮುಂದಿನ ಇಂಜೆಕ್ಷನ್‌ಗಳನ್ನು ಊರಿನ ಕ್ಲಿನಿಕ್ಕಿನಲ್ಲೇ ತೆಗೆದುಕೊಂಡೆ. ಪ್ರತಿ ಸಲವೂ ಅವರು ಜೊತೆಗೆ ಬಂದರು, ರಸ್ತೆ ದಾಟುವಾಗ ನನ್ನ ಮೊಣಕೈ ಹಿಡಿದುಕೊಂಡು. ಸುಸ್ತು ಬೇಗ ಇಳಿಯಿತು. ಪಾದ ಮಾತ್ರ ತಡ ಮಾಡಿತು. ಇನ್ನು ಹೊಲಿಗೆ ಬಿಡುವುದೇ ಎಂದು ಮನಸ್ಸಿನಲ್ಲಿ ನಿರ್ಧರಿಸಿಯೂ ಆಗಿತ್ತು.

ದೀಪಾವಳಿಯ ಹೊತ್ತಿಗೆ ಒಂದು ದಿನ ಬಟ್ಟೆ ಒಣಹಾಕಲು ಬರಿಗಾಲಲ್ಲಿ ಅಂಗಳಕ್ಕಿಳಿದೆ. ಆಗಷ್ಟೇ ಮಳೆ ಬಿಟ್ಟಿತ್ತು. ನಾನು ಕೂಗಿದ್ದು ಕೇಳಿ, ಬಿದ್ದೆನೆಂದುಕೊಂಡು ಅತ್ತೆ ಓಡಿ ಬಂದರು.

"ನೆಲ ತಣ್ಣಗೆ ಉಂಟು ಅತ್ತೆ!"

"ಮಳೆ ಬಂದ್ರೆ ತಣ್ಣಗಲ್ಲದೆ ಬಿಸಿ ಇರ್ತದಾ ಮಾರಾಯ್ತಿ?" ಎಂದು ಗದರಿಸಿದ ಮೇಲೆಯೇ ಅವರಿಗೆ ಹೊಳೆದದ್ದು. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಈಗಲೂ ಜನ ಅವರ ಬಳಿ ಮದ್ದು ಕೇಳಿಕೊಂಡು ಬರುತ್ತಾರೆ. ಕೆಮ್ಮು ಶೀತಕ್ಕೆ ಕೊಡುತ್ತಾರೆ. ಮೊನ್ನೆ ಕಾಪುವಿನಿಂದ ಬಂದ ನಾದಿನಿ ಬೆರಳು ಜುಮುಗುಡುತ್ತದೆ ಎಂದಾಗ, "ಮೊದಲು ರಕ್ತ ತೋರಿಸಿ ಬಾ, ಆಮೇಲೆ ನನ್ನ ಸೊಪ್ಪು" ಎಂದರು. ನಾನು ಜಗಲಿಯಲ್ಲಿ ಹೊಲಿಯುತ್ತಾ ಕೇಳಿಸಿಕೊಂಡೆ.