ಹೋಗುವವರ ಸಾಲು

ಬಸ್ ನಿಲ್ದಾಣದ ಪಕ್ಕದ ಓಣಿಯಲ್ಲಿ ಬಾಡಿಗೆ ಪುಸ್ತಕದ ಅಂಗಡಿ ಇಟ್ಟಿದ್ದವರನ್ನು ಎಲ್ಲರೂ ದೇಶಾಂತರಿ ಎಂದೇ ಕರೆಯುತ್ತಿದ್ದರು. ಪ್ರವಾಸದ ಪುಸ್ತಕ ಬಿಟ್ಟರೆ ಬೇರೇನನ್ನೂ ಇಡುತ್ತಿರಲಿಲ್ಲ, ಅದು ಸರಿಯೇ. ಆದರೆ ಈ ಪುಣ್ಯಾತ್ಮ ದಿನವಿಡೀ ಬಸ್ಸುಗಳ ಹೊಗೆ ಕುಡಿದರೂ ಒಂದನ್ನೂ ಹತ್ತಿದವರಲ್ಲ. ಕೇಳಿದರೆ, "ಅಂಗಡಿ ಬಿಟ್ಟು ಹೋಗೋಕಾಗುತ್ತಾ?" ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಅವರಿಗೆ ಭಯ. ಗೊತ್ತಿಲ್ಲದ ಊರು, ಗೊತ್ತಿಲ್ಲದ ಹಾಸಿಗೆ ಎಂದರೆ ಆಗುತ್ತಿರಲಿಲ್ಲ.

ಕಪಾಟಿನಲ್ಲಿ ಮೂರು ಸಾಲು. ಮೇಲಿನದು ಹೋಗುವವರಿಗೆ. ಅಲ್ಲಿದ್ದ ಒಬ್ಬ ಲೇಖಕನಿಗೆ ದೇಶಾಂತರಿ ಇಟ್ಟ ಹೆಸರು ಕಂಡಕ್ಟರ್. ಚುಟುಕು ಮಾತು, ಬಸ್ಸು ಎಷ್ಟು ಹೊತ್ತಿಗೆ, ಯಾವ ಲಾಡ್ಜಿನ ಚಿಲಕ ಸಡಿಲ, ಎಲ್ಲಿ ನೀರು ಕುಡಿಯಬಾರದು, ಅಷ್ಟೇ. ನಡುವಿನ ಸಾಲು ಹೋಗಿ ಬಂದವರಿಗೆ. ಆ ಲೇಖಕರು ಮಾತಿಗೊಮ್ಮೆ "ನಿಮಗೆ ನೆನಪಿರಬಹುದು" ಎನ್ನುವವರು. ಓದುವವರಿಗೆ ತಲೆದೂಗಲೂ ಬೇಕು, ಗಡಿಯಾರದ ಗೋಪುರ ಇದ್ದದ್ದು ಬಲಗಡೆ ಎಂದು ಜಗಳ ತೆಗೆಯಲೂ ಬೇಕು. ಕೆಳಗಿನ ಸಾಲು ಎಂದೂ ಹೋಗದವರಿಗೆ. ಅಲ್ಲಿ ಒಬ್ಬನಂತೂ ಸೂರ್ಯನನ್ನು ಮುಳುಗಿಸುವಷ್ಟರಲ್ಲಿ ಪುಟಗಟ್ಟಲೆ ಬರೆದುಬಿಡುತ್ತಿದ್ದ. ಅವನ ಪುಸ್ತಕದಲ್ಲಿ ಯಾರಿಗೂ ಹೊಟ್ಟೆ ಕೆಡುವುದಿಲ್ಲ, ಯಾರೂ ಬಸ್ಸು ತಪ್ಪಿಸಿಕೊಳ್ಳುವುದಿಲ್ಲ. ಬಂದ ಗಿರಾಕಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರೆ ಸಾಕು, ದೇಶಾಂತರಿಯ ಕೈ ಸರಿಯಾದ ಸಾಲಿಗೇ ಹೋಗುತ್ತಿತ್ತು.

ಹೆಂಡತಿಗೆ ಮಾತ್ರ ಯಾವಾಗಲೂ ಕೆಳಗಿನ ಸಾಲು. ಮದುವೆಯಾದ ಹೊಸದರಲ್ಲಿ ಸಮುದ್ರ ತೋರಿಸುತ್ತೇನೆ ಎಂದಿದ್ದರು. ಆಮೇಲೆ ಬೇಸಿಗೆಗೊಮ್ಮೆ "ಮುಂದಿನ ವರ್ಷ ಖಂಡಿತ" ಎಂದು ಮೂಗಿಗೆ ತುಪ್ಪ ಸವರಿ, ಜೊತೆಗೊಂದು ಪುಸ್ತಕ ಕೊಟ್ಟು ಕಳಿಸುವುದು. ಆಕೆ ಅದನ್ನು ಓದಿ, ಮಧ್ಯಾಹ್ನದ ಊಟದ ಡಬ್ಬಿಯ ಜೊತೆ ವಾಪಸ್ ತರುವುದು. ಸಂಸಾರ ಹೀಗೇ ಸಾಗಿತ್ತು.

ಒಂದು ದಿನ ಆಕೆ ಡಬ್ಬಿ ಇಟ್ಟು, "ಮೇಲಿನ ಸಾಲಿಂದು ಒಂದು ಕೊಡಿ. ಸಮುದ್ರದ್ದು" ಎಂದರು.

ಬಾಯಿತಪ್ಪಿ ಹೇಳಿರಬೇಕು ಎಂದುಕೊಂಡು ದೇಶಾಂತರಿ ಸೂರ್ಯ ಮುಳುಗಿಸುವವನ ಪುಸ್ತಕವನ್ನೇ ಕೊಟ್ಟರು. ಮರುದಿನ ಅದು ಡಬ್ಬಿಯ ಜೊತೆ ಹಿಂದಕ್ಕೆ ಬಂತು.

"ಸಮುದ್ರ ಚೆನ್ನಾಗಿರುತ್ತೆ ಅಂತ ನಂಗೊತ್ತು. ಬಸ್ ಎಷ್ಟು ಹೊತ್ತಿಗೆ ಅಂತ ಬೇಕು."

"ಯಾಕೆ?"

"ನಾನೂ ತಂಗಿನೂ ಹೋಗ್ತಾ ಇದೀವಿ. ನೀವು ಬರಲ್ಲ ಅಂತ ಗೊತ್ತಲ್ಲ, ಅದಕ್ಕೆ ಕೇಳಲಿಲ್ಲ."

ಆ ಮಾತಿನಲ್ಲಿ ಒಂದಿಷ್ಟಾದರೂ ಸಿಟ್ಟಿದ್ದಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು. ಸ್ಟೂಲು ಹತ್ತಿ ಕಂಡಕ್ಟರನನ್ನು ಇಳಿಸಿ, ಧೂಳು ಒರೆಸಿ ಕೊಟ್ಟರು. "ಎಡಗಡೆ ಕೂತ್ಕೊಳ್ಳಿ. ಬಿಸಿಲು ಬೀಳಲ್ವಂತೆ" ಎಂದರು.

ಹೆಂಡತಿ, ನಾದಿನಿ ಹೊರಟುಹೋದರು. ಮನೆಯಲ್ಲಿ ಒಬ್ಬರೇ ಕೂತು ದೇಶಾಂತರಿ ಆಕೆ ಬೇಡವೆಂದು ಹಿಂದಿರುಗಿಸಿದ್ದ ಸಮುದ್ರದ ಪುಸ್ತಕ ತೆರೆದರು. ಸೂರ್ಯ ಎಂದಿನಂತೆ ನಿಧಾನವಾಗಿ ಮುಳುಗುತ್ತಿದ್ದ. ಹೆಂಡತಿ ತಲುಪಿದಳೋ, ಏನಾದರೂ ತಿಂದಳೋ, ಮಲಗಲು ಒಳ್ಳೆ ಜಾಗ ಸಿಕ್ಕಿತೋ, ಒಂದಕ್ಕೂ ಅದರಲ್ಲಿ ಉತ್ತರವಿಲ್ಲ. ಜೀವನದಲ್ಲಿ ಮೊದಲ ಸಲ ಅವರಿಗೆ ಆ ಲೇಖಕನ ಮೇಲೆ ರೇಗಿತು. ಇಷ್ಟು ವರ್ಷ ಆಕೆಯ ಕೈಗೆ ಇದನ್ನೇ ಅಲ್ಲವೇ ತಾನು ಕೊಟ್ಟಿದ್ದು ಎನಿಸಿ ನಾಚಿಕೆಯಾಯಿತು. ಪುಸ್ತಕ ಮುಚ್ಚಿಟ್ಟರು.

ಆಕೆ ಬಿಸಿಲಿಗೆ ಮೂಗು ಕಪ್ಪಗೆ ಮಾಡಿಕೊಂಡು ವಾಪಸ್ ಬಂದಾಗ ದೇಶಾಂತರಿ ನಡುವಿನ ಸಾಲಿನದೊಂದನ್ನು ತಂದಿಟ್ಟುಕೊಂಡೇ ಕಾಯುತ್ತಿದ್ದರು. ಹೋಗಿ ಬಂದವರಿಗೆ ಕೊಡುವುದು ಅದನ್ನೇ ತಾನೆ. ಆಕೆ ಅದನ್ನು ಪಕ್ಕಕ್ಕೆ ಸರಿಸಿದರು.

"ಇದ್ಯಾಕೆ? ನಾನೇ ಹೇಳ್ತೀನಿ, ಕೇಳಿ."

ಹೇಳಿದರು. ಬಸ್ಸಿನ ಟೈರು ಪಂಕ್ಚರ್ ಆದದ್ದು, ತಂಗಿ ದಾರಿಯುದ್ದಕ್ಕೂ ವಾಂತಿ ಮಾಡಿದ್ದು, ಲಾಡ್ಜಿನ ನಲ್ಲಿಯಲ್ಲಿ ಉಪ್ಪುನೀರು ಬಂದದ್ದು, ನಡುವೆ ಯಾವಾಗಲೋ ಸಮುದ್ರ. ಈ ಮಾತನ್ನು ಯಾವ ಸಾಲಿನಲ್ಲಿ ಇಡಬೇಕೋ ದೇಶಾಂತರಿಗೆ ತಿಳಿಯಲಿಲ್ಲ. ಬಾಯಿ ಬಿಟ್ಟುಕೊಂಡು ಕೇಳಿದರು.

"ನೀರಿಗೆ ಇಳಿದೆನಲ್ಲ, ಅಲೆ ವಾಪಸ್ ಹೋಗ್ವಾಗ ಕಾಲ ಕೆಳಗಿನ ಮರಳೆಲ್ಲ ಜಾರ್ತು. ಹೆದರಿಬಿಟ್ಟೆ. ಹಿಡ್ಕೊಳ್ಳೋಣ ಅಂತ ಪಕ್ಕಕ್ಕೆ ಕೈ ಚಾಚಿದೆ. ತಂಗಿ ನೋಡಿದ್ರೆ ದಡದಲ್ಲಿ ಚಪ್ಪಲಿ ಕಾಯ್ತಾ ನಿಂತಿದ್ಲು."

ಆಕೆ ನಕ್ಕರು. ದೇಶಾಂತರಿಗೆ ನಗಲಾಗಲಿಲ್ಲ. ತಮ್ಮ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡು ಕೂತರು.

ಮರುದಿನ ಆಕೆ ಡಬ್ಬಿ ತಂದಾಗ ಗಿರಾಕಿಗಳಿರಲಿಲ್ಲ. ಮೇಜಿನ ಮೇಲೆ ಕಂಡಕ್ಟರನ ಪುಸ್ತಕ ತೆರೆದಿತ್ತು. ದೇಶಾಂತರಿ ತಲೆ ಎತ್ತದೆಯೇ ಕೇಳಿದರು.

"ಬೆಳಗಿನ ಹೊತ್ತೂ ಒಂದು ಬಸ್ ಇದೆಯಂತಲ್ಲ. ಅದರಲ್ಲಿ ಜನ ಕಮ್ಮಿನಾ?"

ಆಕೆ ಗಿರಾಕಿಗಳ ಬೆಂಚಿನ ಮೇಲೆ ಕೂತರು.

"ಕಮ್ಮಿ" ಎಂದರು. "ಎಡಗಡೆ ಇಬ್ಬರಿಗೆ ಸೀಟು ಸಿಗುತ್ತೆ."