ಕೋಡಿಯಲ್ಲಿ ನಾನು ಹಿಡಿದ ಕ್ರಾಸ್ ಕೇಬಲ್ಲಿನ ಹಟ

ಕಂಪ್ಯೂಟರುಗಳನ್ನು ಜೋಡಿಸುವ ಒಂದು ನೆಟ್‌ವರ್ಕ್ ಸ್ವಿಚ್ಚಿನಿಂದ ಇನ್ನೊಂದು ಸ್ವಿಚ್ಚಿಗೆ ಎಳೆಯುವುದಾದರೆ ಕ್ರಾಸ್ ಕೇಬಲ್ಲೇ ಬೇಕು, ಒಂದು ತುದಿಯಲ್ಲಿ ಕಿತ್ತಳೆ ತಂತಿ ಮೊದಲು, ಇನ್ನೊಂದು ತುದಿಯಲ್ಲಿ ಹಸಿರು ಮೊದಲು. ಇದನ್ನು ಕಲಿತು ಇಪ್ಪತ್ತು ವರ್ಷವಾಯಿತು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಸ್ಕೂಟರಿನಲ್ಲಿ ಓಡಾಡಿ ಇದೇ ಕೆಲಸ ಮಾಡಿ ಸೊಂಟ ಹೋಯಿತು. ಈಗ ಯಾರಾದರೂ ಹೊಸದೊಂದು ಹೇಳಿದರೆ ಕೇಳುವ ಮೊದಲೇ ಸಿಟ್ಟು ಬರುತ್ತದೆ.

ಕೋಡಿ ಊರಿನ ಒಂದು ಐಸ್ ಪ್ಲಾಂಟಿನಲ್ಲಿ ಆಫೀಸಿಗೂ ಅಂಗಳದಾಚೆಯ ತೂಕದ ಕೋಣೆಗೂ ಹಲವು ವರ್ಷಗಳ ಹಿಂದೆ ಕೇಬಲ್ ಹಾಕಿದವನು ನಾನೇ. ಅಲ್ಲಿ ಕ್ಯಾಮೆರಾ ಕೂರಿಸಿದಾಗ, ಆಫೀಸು ನೋಡಿಕೊಳ್ಳುವ ಹೆಂಗಸು ಕುಂದಾಪುರದಿಂದ ಹೆಚ್ಚು ವೇಗದ ಎರಡು ಹೊಸ ಗಿಗಾಬಿಟ್ ಸ್ವಿಚ್ ತಂದಳು. ಹಾಕಿದರೆ ಸ್ವಿಚ್ಚಿನ ದೀಪ ಹತ್ತುತ್ತಿತ್ತು, ಆರುತ್ತಿತ್ತು. ಮಾಲೀಕರು ನನ್ನನ್ನು ಕರೆಸಿದರು. ನಾನು ತುದಿ ಕತ್ತರಿಸಿ ಹೊಸದಾಗಿ ಕ್ರಾಸ್ ಮಾಡಿದೆ. ಆಗಲಿಲ್ಲ. ಸ್ವಿಚ್ಚೇ ಹಾಳು ಎಂದೆ.

ಅವಳು ಬಸ್ಸು ಹತ್ತಿ ಹೋಗಿ ಬದಲಿಸಿ ತಂದಳು. ಅದೂ ಹಾಗೇ. ಮತ್ತೊಮ್ಮೆ ಕ್ರಾಸ್ ಮಾಡಿ, ಈ ಮಾಲೇ ಸರಿಯಿಲ್ಲ ಎಂದು ಕೈ ಕೊಡವಿದೆ. ಮಾಲೀಕರು ನನ್ನೆದುರೇ ಅವಳಿಗೆ ಹೇಳಿದರು, "ಕಂಡದ್ದೆಲ್ಲ ತಂದ್ ಹಾಕುದಾರೆ ಬಪ್ಪ ತಿಂಗ್ಳಿಂದ ಬೇರೆ ಕಡೆ ಕೆಲ್ಸ ಕಾಣ್ಕಣಿ." ಅವಳ ಮನೆ ನಡೆಯುವುದೇ ಆ ಸಂಬಳದಲ್ಲಿ ಎಂದು ನನಗೆ ಗೊತ್ತಿತ್ತು. ಆದರೂ ಸ್ಕೂಟರ್ ಹತ್ತಿದೆ.

ಮೂರನೆಯ ಸಲ ಹೋದದ್ದು ಆ ಮಾತು ಕುಟುಕುತ್ತಿದ್ದುದಕ್ಕೆ. ತುದಿ ಸುಲಿಯುತ್ತಿದ್ದೆ, ತೂಕದ ಕೋಣೆಗೆ ಯಾರೋ ಫೋನ್ ಮಾಡಿದರು. ಬೆರಳು ಜುಮ್ಮೆಂದಿತು. ಕೇಬಲ್ಲಿನೊಳಗಿನ ಕಂದು ತಂತಿಯಲ್ಲಿ ಕರೆಂಟು!

ಆಗ ನೆನಪಾಯಿತು. ಆ ಕಾಲದಲ್ಲಿ ಕಂಪ್ಯೂಟರಿಗೆ ನಾಲ್ಕೇ ತಂತಿ ಸಾಕಿತ್ತು. ಉಳಿದ ನಾಲ್ಕನ್ನು ದಂಡ ಮಾಡುವುದೇಕೆಂದು ನಾವೆಲ್ಲ ಅದರಲ್ಲೇ ಫೋನೂ ಎಳೆಯುತ್ತಿದ್ದೆವು. ಎರಡು ಸಲವೂ ನನ್ನ ಕೈ ಆ ನಾಲ್ಕನ್ನು ತಾನಾಗಿಯೇ ಪಕ್ಕಕ್ಕೆ ಸರಿಸಿತ್ತು. ಗಿಗಾಬಿಟ್ಟಿಗೆ ಎಂಟೂ ಬೇಕು. ಕ್ರಾಸ್ ಬೇಕೇ ಇಲ್ಲ, ಅದನ್ನು ಸ್ವಿಚ್ಚೇ ನೋಡಿಕೊಳ್ಳುತ್ತದೆ. ಇದನ್ನು ಓದಿದ್ದೆ ಕೂಡ. ಓದಿದ್ದು ಕೈಗೆ ಇಳಿದಿರಲಿಲ್ಲ.

ಫೋನ್ ಬಿಡಿಸಿ, ಎರಡೂ ತುದಿಗೆ ಎಂಟು ತಂತಿಯನ್ನೂ ನೇರವಾಗಿ ಕೂರಿಸಿದೆ. ದೀಪ ಆರದೆ ಹತ್ತಿಯೇ ನಿಂತಿತು. ಮಾಲೀಕರ ಮುಂದೆ ಹೋಗಿ ತಪ್ಪು ನನ್ನದು, ಅವಳು ತಂದ ಸ್ವಿಚ್ಚು ಸರಿಯಾಗಿಯೇ ಇತ್ತು ಎಂದೆ. "ಹಂಗಾರೆ ಅವ್ರ್ ಇರ್ಲಿ ಬಿಡಿ" ಎಂದು ಅವರು ಐಸಿನ ಲಾರಿ ನೋಡಲು ಹೊರಟರು. ಅಷ್ಟೇ.

ನನಗೆ ನಾಚಿಕೆಯಾಗಿತ್ತು. ಅವಳ ಮೇಜಿನ ಹತ್ತಿರ ಹೋಗಿ, "ತಂಗಿ, ಬೇಜಾರ್ ಮಾಡ್ಕಣ್ಬೇಡಿ. ನಂಗ್ ಗೊತ್ತಾಯ್ಲಿಲ್ಲೆ" ಎಂದೆ.

"ನಂಗ್ ಸುರುವಿನ್ ದಿನವೇ ಗೊತ್ತಾಯ್ತ್ ಅಣ್ಣಾ," ಎಂದಳು, ತಲೆ ಎತ್ತದೆ. "ಎರಡ್ ಸ್ವಿಚ್ಚನ್ನೂ ಈ ಮೇಜಿನ್ ಮೇಲಿಟ್ಟ್, ಡಬ್ಬಿಯೊಳ್ಗಿದ್ದ ಗಿಡ್ಡ ವಯರ್ ಹಾಕಿ ಕಂಡೆ. ದೀಪ ಆರ್ಲೇ ಇಲ್ಲೆ, ಹಾಳಾದ್ದ್ ಆ ಉದ್ದ ಕೇಬಲ್ಲೇ ಅಂದ್ಕಂಡೆ."

"ಮತ್ತೆ ಹೇಳ್ಲಿಲ್ಲೆ ಎಂತಕೆ?"

"ಹೇಳಿದೆ ಅಲ್ದಾ. ಇದೆಲ್ಲ ನಿಮ್ಗ್ ಗೊತ್ತಾತಿಲ್ಲೆ, ಸುಮ್ನೆ ಕೂಕಣಿ ಅಂದ್ರಿ."

ಹಾಗೆಂದದ್ದು ನನಗೆ ನೆನಪೇ ಇಲ್ಲ. ಆದರೆ ಅಂದಿರುತ್ತೇನೆ. ಮಾತು ನನ್ನದೇ.