ಮನೆಗೆ ಕೀಲಿ ಬಿದ್ದ ವರ್ಷದ ಸರಾಸರಿ

ದುಂಡಸಿಯ ವೀರವ್ವ ಗಂಡ ಸತ್ತ ಮೇಲೆ ಒಂದೇ ಬಲ್ಬಿನಲ್ಲಿ ಬಾಳಿದವಳು. ಹೊತ್ತು ಮುಳುಗುವುದರೊಳಗೆ ಉಂಡು ಕೈ ತೊಳೆಯುವವಳು. ಅಂಥವಳು ಮಗಳು ರಾಜಶ್ರೀಯ ಬಾಣಂತನಕ್ಕೆಂದು ಶಿಗ್ಗಾಂವದಿಂದ ನೀರು ಕಾಸುವ ಕಾಯಿಲ್ ತಂದಳು. ಒಲೆಯ ಹೊಗೆ ಕೂಸಿನ ಕಣ್ಣಿಗೆ ಬ್ಯಾಡ, ಸರಕಾರದ ಯೋಜನೆಯಲ್ಲಿ ಕರೆಂಟು ಹೇಗೂ ಪುಕ್ಕಟೆ ಎಂದುಕೊಂಡು ಎರಡು ಹೊತ್ತೂ ನೀರು ಕುದಿಸಿದಳು.

ತಿಂಗಳಾದ ಮೇಲೆ ಮೀಟರ್ ನೋಡುವ ಹಾಲೇಶ ಬಂದು ಕೈಯಲ್ಲಿ ಬಿಲ್ಲು ಇಟ್ಟ.

"ಇದೇನಪಾ? ಪುಕ್ಕಟ ಅಂದಿದ್ರೆಲ್ಲ?"

"ಪುಕ್ಕಟ ಐತಬೇ ಯವ್ವಾ, ಆದ್ರ ನಿನ್ನ ಸರಾಸರಿ ತನಕ. ಯೋಜನೆ ಬರೂದಕ್ಕಿಂತ ಮೊದಲಿನ ವರ್ಷ ಎಷ್ಟು ಸುಟ್ಟಿದ್ದಿ, ಅದರ ಮ್ಯಾಲ ಒಂಚೂರು. ಹೆಚ್ಚಾದದ್ದಕ್ಕ ರೊಕ್ಕ."

ಆ ವರ್ಷ ಮನೆಗೆ ಕೀಲಿ ಬಿದ್ದಿತ್ತು. ಚಿಕ್ಕೇರೂರಿನಲ್ಲಿ ಹಾಸಿಗೆ ಹಿಡಿದ ಅವ್ವನ ಹೇಲು ಉಚ್ಚೆ ಬಳಿಯುತ್ತ ವೀರವ್ವ ಅಲ್ಲೇ ಉಳಿದಿದ್ದಳು. ಇಲ್ಲಿ ಮೀಟರು ನಿದ್ದೆ ಹೊಡೆದಿತ್ತು.

"ಅಂದ್ರ ಹಡದವ್ವನ ಸೇವಾ ಮಾಡಿದ್ದಕ್ಕ ದಂಡ ಅನ್ನು."

"ದಂಡ ಅಲ್ಲಬೇ. ಯುನಿಟ್ಟಿನ ದರಾನೂ ಏರೇತಿ. ಕಲ್ಲಿದ್ದಲು ತುಟ್ಟಿ, ನಮ್ಮ ಕಂಪನ್ಯಾಗ ರಿಟೈರ್ ಆದವರ ಪೆನ್ಶನ್ನು, ಎಲ್ಲಾ ಅದರಾಗ ಸೇರತೈತಿ."

"ಅವರ ಪೆನ್ಶನ್ನಿಗೆ ನನ್ನ ಬಾಣಂತಿ ನೀರೇನು? ಥೂ!"

ಮರುದಿನ ಕೂಸು ನೋಡಲು ಶಿಗ್ಗಾಂವದಿಂದ ರಾಜಶ್ರೀಯ ಅತ್ತೆ ಶಾರವ್ವ ಬಂದಳು. ಬಿಲ್ಲಿನ ಸುದ್ದಿ ಕೇಳಿ ನಕ್ಕಳು.

"ಬಾಣಂತೀನ್ನ ಈಗ್ಲೇ ಕಳಿಸಿಬಿಡ್ರಿ ಬೀಗತಿ. ನಮ್ಮ ಮನ್ಯಾಗ ಮೊದಲಿಂದ್ಲೂ ಹಗಲಿನ್ಯಾಗೂ ದೀಪ, ಎರಡೆರಡು ಟಿವಿ. ಅದಕ್ಕ ಸರಾಸರೀನೂ ದೊಡ್ಡದು, ಈಗ ಅಷ್ಟೂ ಸುಟ್ಟರೂ ಬಿಲ್ಲು ಸೊನ್ನಿ. ಗೀಜರೂ ಐತಿ."

ರಾಜಶ್ರೀ ಗೋಡೆಯ ಕಡೆ ಹೊರಳಿದಳು. ಬಾಣಂತನ ಅರ್ಧಕ್ಕೆ ಬಿಡಿಸಿಕೊಂಡು ಹೋದರೆ ತವರಿನ ಹೆಸರು ಮಣ್ಣುಪಾಲು. ವೀರವ್ವ ಬಿಲ್ಲನ್ನು ಮತ್ತೊಮ್ಮೆ ತಿರುಗಿಸಿ ನೋಡಿದಳು. ದುಂದು ಮಾಡಿದವರಿಗೆ ಹೆಚ್ಚು ಪುಕ್ಕಟೆ, ಕತ್ತಲೆಯಲ್ಲಿ ಕೂತವರಿಗೆ ಬಿಲ್ಲು. ಇದನ್ನು ಯಾವ ಶಾಣ್ಯಾ ಕೂತು ಯೋಚಿಸಿದನೋ!

"ಕಳಸಂಗಿಲ್ರಿ. ನೀವು ಸುಟ್ಟದ್ದು ಪುಣ್ಯ ಆತು, ನಾ ಉಳಿಸಿದ್ದು ಪಾಪ ಆತು. ಆಗ್ಲಿ ಬಿಡ್ರಿ. ನನ್ನ ಮಗಳಿಗೆ ನೀರು ಎರಿಯಾಕ ಯಾವನ ಸರಾಸರೀನೂ ಬ್ಯಾಡ."

ಕಾಯಿಲ್ ಕಿತ್ತು ಮೂಲೆಗೆ ಒಗೆದಳು. ಹಂಡೆಯನ್ನು ಹಿತ್ತಲಿನ ತುದಿಗೆ, ಹೊಗೆ ಮನೆಯತ್ತ ತಿರುಗದ ಕಡೆಗೆ ಎಳೆದೊಯ್ದು, ಮೂರು ಕಲ್ಲು ಹೂಡಿ ಕಾಳು ಬಿಡಿಸಿದ ಗೋವಿನಜೋಳದ ಬೆಂಡು ಹಚ್ಚಿದಳು.

"ಅಲ್ಲಿಂದ ಬಚ್ಚಲದ ತನಕ ನೀರು ಹೊರತೀರೇನ್ರಿ ಬೀಗತಿ, ಈ ವಯಸ್ಸಿನ್ಯಾಗ?"

"ಹೊರತೇನ್ರಿ. ನೀವು ಚಾ ಕುಡೀರಿ."

ಬೆನ್ನ ಮೇಲೆ ಮೊದಲ ತಂಬಿಗೆ ಬಿದ್ದಾಗ ರಾಜಶ್ರೀ "ಸುಡತೈತಿ ಯವ್ವಾ!" ಎಂದು ಕಿರುಚಿದಳು. "ಬಾಣಂತಿ ನೀರು ಸುಡಬೇಕವ್ವಾ" ಎಂದು ವೀರವ್ವ ಇನ್ನೊಂದು ತಂಬಿಗೆ ಹೊಯ್ದಳು. ಶಾರವ್ವ ಬಸ್ಸಿಗೆ ಹೊತ್ತಾಯಿತೆಂದು ಒಬ್ಬಳೇ ಎದ್ದು ಹೋದಳು.